ಎರಡು ಬೆರಳಿನ ಖಾಲಿ ಜಾಗ

ಯೆಶಿಮೆಬೆತ್‌ಗೆ ಅಡಿಸ್ ಅಬಾಬಾದ ಯಾವ ಗಂಟಲೂ ಪರಕೀಯವಾಗಿರಲಿಲ್ಲ. ಅವಳು ಕೆಲಸ ಮಾಡುವ ಹಸ್ತಪ್ರತಿ ಭಂಡಾರದ ನಿರ್ದೇಶಕ ಬೆಯೆನೆ ಮೂಗಿನಲ್ಲೇ "ಆಧಾರ? ಆಧಾರ ಎಲ್ಲಿದೆ?" ಎನ್ನುವುದನ್ನು ಅವಳು ಕಪಾಟಿನ ಹಿಂದಿನಿಂದ ಅಂದರೆ ಸಾಕು, ಕಾಫಿ ಹೀರುತ್ತ ಕೂತ ಗುಮಾಸ್ತರು ಲೋಟ ಬಚ್ಚಿಟ್ಟು ಎದ್ದು ನಿಲ್ಲುತ್ತಿದ್ದರು. ನೀಲಿ ವ್ಯಾನಿನ ಬಾಗಿಲಿಗೆ ಜೋತುಬಿದ್ದು ಕೂಗುವ ಕಂಡಕ್ಟರು, ಧ್ವನಿವರ್ಧಕದಲ್ಲಿ ಮೊದಲು ಕೆಮ್ಮಿ ಆಮೇಲೆ ದೇವರನ್ನು ಕರೆಯುವ ಪಾದ್ರಿ, ಎಂಟೊಟೊ ಬೆಟ್ಟದಿಂದ ನೀಲಗಿರಿ ಸೌದೆ ಹೊತ್ತು ಇಳಿಯುವ ಕತ್ತೆ, ಎಲ್ಲರೂ ಅವಳ ನಾಲಿಗೆಯಲ್ಲಿ ಬಿಡಾರ ಹೂಡಿದ್ದರು. "ನಿನ್ನ ಸ್ವಂತ ದನಿ ಯಾವುದೇ?" ಎಂದು ತಂಗಿ ಮೆಸೆರೆತ್ ಒಮ್ಮೆ ಕೇಳಿದಾಗ ಯೆಶಿ, "ಅದನ್ನ ಹಬ್ಬಕ್ಕೆ ಅಂತ ಎತ್ತಿಟ್ಟಿದೀನಿ" ಎಂದಿದ್ದಳು.

ಹಾಗಾಗಿಯೇ, ಮುಂದೆ ಅವಳು "ಅದು ನನ್ನ ದನಿ ಅಲ್ಲ" ಎಂದು ಆಣೆ ಇಟ್ಟರೂ ಯಾರೂ ನಂಬಲಿಲ್ಲ. ತೋಳ ಬಂತು ತೋಳ ಎಂದವನ ಪಾಡು.

ಆವತ್ತು ಬುಧವಾರ, ಮಾಂಸ ಹಾಲು ಮುಟ್ಟದ ಉಪವಾಸದ ದಿನ. ಭಂಡಾರದವರೆಲ್ಲ ಬೇಳೆಗೊಜ್ಜು, ಇಂಜೆರಾ ರೊಟ್ಟಿ ತಿನ್ನಲು ಬೀದಿಯಾಚೆ ಹೋಗಿದ್ದರು. ಮೂರು ಗಂಟೆಯವರೆಗೆ ಬಾಯಿಗೆ ನೀರೂ ಬಿಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದ ಯೆಶಿ ಒಬ್ಬಳೇ ಉಳಿದಿದ್ದಳು. "ಉಪವಾಸ ಅಂದ್ರೆ ಹೊಟ್ಟೇಲಿ ಊಟದ ಬದಲು ಬೇರೆ ಯಾರೋ ವಾಸ" ಎಂದು ಛಾಯಾಚಿತ್ರಗಾರ ಕಿನ್ಫೆಗೆ ತಮಾಷೆ ಮಾಡಿ ಕಳಿಸಿದ್ದಳು. ಆ ಮಾತನ್ನು ಆಮೇಲೆ ಅವಳು ಮತ್ತೆಂದೂ ಆಡಲಿಲ್ಲ.

ಮುಂದಿದ್ದದ್ದು ಒಂದು ತಗಡಿನ ಪೆಟ್ಟಿಗೆ. ಗೊಜ್ಜಾಮಿನ ಯಾವುದೋ ಹಳೆಯ ಚರ್ಚಿನಿಂದ ಬಂದದ್ದು. ಒಳಗೆ ಚರ್ಮದ ಹಾಳೆಯ ತುಂಡುಗಳು. ಎಲ್ಲಕ್ಕೂ ಒಂದೇ ಅಗಲ, ಉದ್ದ ಮಾತ್ರ ಒಂದೊಂದಕ್ಕೆ ಒಂದೊಂದು. ಪೆಟ್ಟಿಗೆಯ ಮೇಲೆ ಯಾರೋ ಹಿಂದಿನವರು ಚೀಟಿ ಅಂಟಿಸಿದ್ದರು: "ರಕ್ಷಾಸುರುಳಿಗಳ ಬಿಡಿ ತುಣುಕು. ಸುಮಾರು ಮುನ್ನೂರು ವರ್ಷ. ಒಂದಕ್ಕೊಂದು ಸಂಬಂಧವಿಲ್ಲ." ಭಾಷೆ ಗೀಜ್. ಅದನ್ನು ಸತ್ತ ಭಾಷೆ ಎನ್ನುತ್ತಾರೆ; ಸತ್ತಿದ್ದರೂ ಇವತ್ತಿಗೂ ಎಲ್ಲ ಚರ್ಚುಗಳಲ್ಲಿ ಡ್ಯೂಟಿಗೆ ಬರುವ ಭಾಷೆ.

ಯೆಶಿ ಎಲ್ಲಕ್ಕಿಂತ ದೊಡ್ಡ ತುಂಡನ್ನು, ಒಂದು ಮೊಳಕ್ಕಿಂತ ತುಸು ಹೆಚ್ಚಿದ್ದದ್ದನ್ನು, ಬಿಚ್ಚಿ ಎರಡೂ ಕಡೆ ಮರಳಿನ ಚೀಲ ಇಟ್ಟಳು. ತುಂಡಿನ ತಲೆಯಲ್ಲಿ, ಕತ್ತಿ ಹಿಡಿದ ದೇವದೂತನ ಚಿತ್ರ, ಅಗಲ ಕಣ್ಣು. ಕೆಳಗೆ ಪ್ರಾರ್ಥನೆ. ಅವಳಪ್ಪ ಚರ್ಚಿನ ಶಾಲೆಯ ಉಪಾಧ್ಯಾಯ. ಅವನ ಬೆತ್ತದ ಕೆಳಗೆ ಗೀಜ್ ಕಲಿತವಳಿಗೆ ಅದನ್ನು ಕಣ್ಣಿನಲ್ಲಷ್ಟೇ ಓದುವುದು ಗೊತ್ತಿರಲಿಲ್ಲ. ಹಾಡಿಕೊಂಡೇ ಓದಬೇಕು, ಅದೂ ಅಪ್ಪನ ರಾಗದಲ್ಲಿ, ಅಪ್ಪನ ಹಾಗೆ ಸಾಲಿನ ಕೊನೆಗೆ ಮೂಗೆಳೆದು. ಓದುತ್ತಾ ಬಂದಳು: ಕೆಟ್ಟ ಕಣ್ಣಿನಿಂದ ಕಾಪಾಡು, ಮಧ್ಯಾಹ್ನ ತಿರುಗುವ ಭೂತದಿಂದ ಕಾಪಾಡು, ನಿನ್ನ ದಾಸಿ ವಲತ್ತ...

ಅಲ್ಲಿ ಎರಡು ಬೆರಳಿನಷ್ಟು ಜಾಗ ಖಾಲಿ ಇತ್ತು.

ವಲತ್ತ ಎಂದರೆ ಮಗಳು. ಹೆಂಗಸರ ದೀಕ್ಷಾಸ್ನಾನದ ಹೆಸರುಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ಆಮೇಲೆ ಬರುವುದು ಯಾವ ಸಂತನ ಮಗಳು, ಯಾವ ದೇವದೂತನ ಮಗಳು ಎಂಬುದು. ಮನೆಯಲ್ಲಿ ಕರೆಯುವ ಹೆಸರು ಊರಿಗೆ. ಈ ಹೆಸರು ದೇವರಿಗೆ. ಹೆತ್ತ ತಾಯಿಗೆ, ಆತ್ಮದ ತಂದೆಯಾದ ಪಾದ್ರಿಗೆ ಬಿಟ್ಟರೆ ಗಂಡನಿಗೂ ಹೇಳುವವರು ಕಡಿಮೆ. ಹೆಸರು ಸಿಕ್ಕಿದವರಿಗೆ ಜುಟ್ಟು ಸಿಕ್ಕಿದಂತೆ. ಪ್ರಾರ್ಥನೆ ಪುಸ್ತಕಗಳಲ್ಲಿ ಹೆಸರಿನ ಜಾಗ ಖಾಲಿ ಬಂದರೆ ಓದುವವರು ಅಲ್ಲಿ ತಮ್ಮದನ್ನು ತುಂಬಿಕೊಂಡು ಮುಂದೆ ಹೋಗಬೇಕು. ಪ್ರತಿ ಸಂಜೆ ಬಾಲ್ಯದಿಂದ ಮಾಡಿದ್ದು. ರಾಗ ನಿಲ್ಲಲಿಲ್ಲ. ನಾಲಿಗೆ ಯೆಶಿಯನ್ನು ಕೇಳಲೂ ಇಲ್ಲ. ಖಾಲಿ ಜಾಗದಲ್ಲಿ ಅವಳ ಹೆಸರು ಹೋಗಿ ಕೂತಿತು.

ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಓದುವವರು ಗಟ್ಟಿಯಾಗಿ ಓದಿಬಿಟ್ಟರೆ?

"ಅಯ್ಯೋ ನನ್ನ ಬಾಯಿಗಿಷ್ಟು" ಎಂದು ಯೆಶಿ ತುಟಿ ಕಚ್ಚಿಕೊಂಡಳು. ಬೇರೆಯವರಿಗಾಗಿ ಬರೆದ ರಕ್ಷೆಗೆ ತನ್ನ ಹೆಸರು! ಆದರೆ ಕೋಣೆಯಲ್ಲಿ ಯಾರೂ ಇರಲಿಲ್ಲವಲ್ಲ.

ಕಿನ್ಫೆ ಹಲ್ಲು ಕಡ್ಡಿ ಕಚ್ಚಿಕೊಂಡು ಒಳಗೆ ಬಂದ. "ಭಲೇ ಕಣೇ! ನಿರ್ದೇಶಕರು, ಕತ್ತೆ ಎಲ್ಲ ಆಯ್ತು, ಈಗ ಮಕ್ಕಳಿಗೆ ಇಳಿದ್ಯಾ? ಮೆಟ್ಟಿಲ ತನಕ ಕೇಳಿಸ್ತು."

"ಏನು ಕೇಳಿಸ್ತು?"

"ಚಿಕ್ಕ ಹುಡುಗಿ. ಹೊಸದಾಗಿ ಮಾತು ಕಲಿತೋರು ಹೇಳ್ಕೊಳಲ್ವಾ, ಅದನ್ನೇ ತಿರುಗಿ ತಿರುಗಿ, ಯಾವುದೋ ಹೆಸರು. ವಲತ್ತ... ವಲತ್ತ ಏನೋ. ಛೆ, ನಾಲಿಗೆ ತುದೀಲೇ ಇತ್ತು."

ಯೆಶಿ ಬಾಯಿ ಮುಚ್ಚಿಕೊಂಡು ಕೂತು ಆಗಲೇ ಸುಮಾರು ಹೊತ್ತಾಗಿತ್ತು.

*

ಮರುದಿನ ಮಧ್ಯಾಹ್ನ ತಾಯಿಯ ಮನೆಗೆ ಪಾದ್ರಿ ಅಬ್ಬಾ ಜೇನಾ ಬಂದರು. ಹೆಸರಿನಲ್ಲಿ ಜೇನಿದ್ದರೂ ನಾಲಿಗೆಯ ಮೇಲೆ ಮೆಣಸಿನಪುಡಿ ಇಟ್ಟುಕೊಂಡ ಮುದುಕರು. ಆ ಮನೆಯ ಎಲ್ಲರ ಆತ್ಮದ ತಂದೆ. ಮೆಸೆರೆತ್ ಬಾಣಂತನಕ್ಕೆ ಬಂದಿದ್ದಳು. ಅವಳ ಹೆಣ್ಣುಮಗುವಿಗೆ ಬರುವ ಭಾನುವಾರಕ್ಕೆ ಎಂಬತ್ತು ದಿನ ತುಂಬುತ್ತಿತ್ತು; ಆವತ್ತೇ ದೀಕ್ಷಾಸ್ನಾನ. ಯೆಶಿಯೇ ಜ್ಞಾನತಾಯಿ. ಮಗುವನ್ನು ನೀರಿನಿಂದ ಎತ್ತಿಕೊಳ್ಳುವ ಕೈ, ಹೆತ್ತವಳ ಕೈಗಿಂತ ಮೇಲು. ಯೆಶಿಗೆ ಮಕ್ಕಳಿರಲಿಲ್ಲ. ಗಂಡ ಇದ್ದಾಗಲೂ ಇರಲಿಲ್ಲ, ಹೋದ ಮೇಲೂ ಇರಲಿಲ್ಲ. ಅವಳ ಮಟ್ಟಿಗೆ ಮಗುವಿನ ಜಾಗವನ್ನು ಯಾರೂ ಅಳಿಸಿರಲಿಲ್ಲ, ಖಾಲಿ ಬಿಟ್ಟಿದ್ದರು ಅಷ್ಟೆ. ಅದಕ್ಕೇ ಈ ಭಾನುವಾರವನ್ನು ಅವಳು ಮಗು ಹುಟ್ಟಿದ ದಿನದಿಂದ ಕಾಯುತ್ತಿದ್ದಳು.

ತಾಯಿ ಕಾಫಿ ಹುರಿಯುತ್ತ, ಹೊಗೆಯನ್ನು ಅಬ್ಬಾರ ಗಡ್ಡದತ್ತ ಬೀಸುತ್ತ, ನೆರೆಮನೆಯವರನ್ನೂ ಸರಕಾರವನ್ನೂ ಒಂದೇ ಉಸಿರಿನಲ್ಲಿ ಬಯ್ಯುತ್ತಿದ್ದಳು. ಅಬ್ಬಾ ಶಿಲುಬೆ ತೆಗೆದು ಒಬ್ಬೊಬ್ಬರನ್ನೇ ಕರೆದು, ಕಿವಿಯಲ್ಲಿ ಹೆಸರು ಕೇಳಿ, ಹರಸಿದರು. ತಾಯಿಯದಾಯಿತು, ಮೆಸೆರೆತ್‌ಳದಾಯಿತು.

"ನೀನು ಬಾರೇ, ಬಹುರೂಪಿ. ನಿನ್ನ ಹೆಸರು ಹೇಳು."

ಯೆಶಿ ಬಾಗಿ ಬಾಯಿ ತೆರೆದಳು. "ವಲತ್ತ..."

"ಮಗಳು ಅಂತ ಗೊತ್ತು, ಮೀಸೆ ಇಲ್ಲವಲ್ಲ. ಯಾರ ಮಗಳು?"

ಮೆಟ್ಟಿಲಿದೆ ಎಂದು ಕಾಲಿಟ್ಟರೆ ಮೆಟ್ಟಿಲಿಲ್ಲದ ಹಾಗಾಯಿತು. ಇನ್ನೊಮ್ಮೆ ಶುರುಮಾಡಿದಳು. ಮತ್ತೆ ಅದೇ ಜಾಗದಲ್ಲಿ ಕಾಲು ಗಾಳಿಗೆ ಬಿತ್ತು.

"ಸಾಕು ಮಾಡೇ," ಎಂದಳು ತಾಯಿ. "ಶಿಲುಬೆ ಮುಂದೇನೂ ಮಂಗಾಟಾನಾ?"

"ಆಟ ಅಲ್ಲಮ್ಮ. ಬರ್ತಾ ಇಲ್ಲ. ನೀನೇ ಹೇಳು."

"ಹೇಳ್ದೆ ಏನು! ಹೆತ್ತೋಳಿಗೆ ಮರೆತುಹೋಗುತ್ತಾ? ವಲತ್ತ..." ತಾಯಿಯ ಕೈಯಲ್ಲಿದ್ದ ಕಾಫಿ ಹೂಜಿ ಹಾಗೇ ನಿಂತಿತು. ಅವಳ ಬಾಯಿ ಖಾಲಿಯಾದದ್ದನ್ನು ಮನೆಯವರು ಯಾರೂ ಅದುವರೆಗೆ ನೋಡಿರಲಿಲ್ಲ.

ಅಬ್ಬಾ ನಕ್ಕರು. "ತಾಯಿಗೂ ಮಗಳಿಗೂ ಒಟ್ಟಿಗೆ ಅರಳುಮರಳು. ನಾನು ಕಣಮ್ಮ ಇವಳನ್ನ ನೀರಲ್ಲಿ ಮುಳುಗಿಸಿ ಎತ್ತಿದೋನು. ಒದ್ದಿದ್ಳು ನನ್ನ ಗಡ್ಡಕ್ಕೆ. ಕೇಳಿಸ್ಕೊಳ್ಳಿ. ವಲತ್ತ..." ಹಲ್ಲಿಲ್ಲದ ಬಾಯಿ ತೆರೆದೇ ಉಳಿಯಿತು. ನಗು ಮಾತ್ರ ಮೆಲ್ಲಗೆ ಇಳಿದುಹೋಯಿತು.

ಆಗ ಬಾಗಿಲ ಹತ್ತಿರದಿಂದ, ಮಂಡಿಯ ಎತ್ತರದಿಂದ, ಎಳೆಯ ದನಿಯೊಂದು ಆ ಹೆಸರನ್ನು ಪೂರ್ತಿ ಹೇಳಿತು. ತಪ್ಪಿಲ್ಲದೆ, ಸ್ಪಷ್ಟವಾಗಿ, ಸಾಲಿನ ಕೊನೆಗೆ ಮೂಗೆಳೆದು. ಎಲ್ಲರಿಗೂ ಕೇಳಿಸಿತು. ಕೇಳಿಸಿದ್ದು ಮರುಗಳಿಗೆಗೆ, ಎಚ್ಚರಾದವರ ಕನಸಿನಂತೆ, ಎಲ್ಲರ ಕಿವಿಯಿಂದಲೂ ಜಾರಿತು.

"ನೋಡಿದ್ರಾ, ಹೇಳಿದ್ಳು!" ಎಂದಳು ಮೆಸೆರೆತ್. "ಮಗು ದನಿ ಬೇರೆ ಮಾಡ್ಕೊಂಡು! ಏನಂದೆ, ಇನ್ನೊಂದ್ಸಲ ಹೇಳೇ."

"ನಾನಲ್ಲ."

"ಮತ್ತೆ ನಿನ್ನಜ್ಜಿನಾ?"

"ಮೆಸೆರೆತ್, ದೇವರಾಣೆ ನಾನಲ್ಲ."

ತೊಟ್ಟಿಲಲ್ಲಿದ್ದ ಮಗು ಮಾತ್ರ ಯೆಶಿಯನ್ನೂ ನೋಡುತ್ತಿರಲಿಲ್ಲ, ತಾಯಿಯನ್ನೂ ನೋಡುತ್ತಿರಲಿಲ್ಲ. ಬಾಗಿಲಿನಿಂದ ಒಲೆಯ ತನಕ, ಒಲೆಯಿಂದ ತೊಟ್ಟಿಲ ಬಳಿಯ ತನಕ, ನೆಲದಿಂದ ತುಸು ಮೇಲೆ ನಡೆದು ಬರುತ್ತಿದ್ದ ಏನನ್ನೋ ಕಣ್ಣಿನಲ್ಲೇ ಹಿಂಬಾಲಿಸಿ, ಕೈಕಾಲು ಬಡಿದು ನಕ್ಕಿತು.

ಮೆಸೆರೆತ್ ಮಗುವನ್ನು ಎತ್ತಿ ಎದೆಗವಚಿಕೊಂಡಳು. "ಅಕ್ಕ, ನೇರವಾಗಿ ಹೇಳ್ತೀನಿ. ಭಾನುವಾರ ಅಬ್ಬಾ ಹೆಸರು ಕೇಳಿದಾಗ ಹೀಗೆ ಬಾಯಿ ಬಿಟ್ಕೊಂಡು ನಿಂತ್ರೆ ಮಗೂನ ನಿನ್ನ ಕೈಗೆ ಕೊಡೋಕಾಗಲ್ಲ. ಹೆಸರಿಲ್ಲದೋಳು ಜ್ಞಾನತಾಯಿ ಹೇಗಾಗ್ತಾಳೆ? ನಮ್ಮ ನಾದಿನಿ ಅಸೆಲೆಫೆಚ್ ಆಗಲೇ ಹೊದಿಕೆ ಇಸ್ತ್ರಿ ಮಾಡಿಸಿಟ್ಕೊಂಡು ನಿನ್ನ ಜಾಗಕ್ಕೆ ಕಾಯ್ತಾ ಇದಾಳೆ."

ತಾಯಿ ಬಯ್ಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು. "ಎಂಬತ್ತು ದಿನ ತುಂಬೋ ತನಕ ಮಗು ಅಂದ್ರೆ ಬಾಗಿಲಿಲ್ಲದ ಮನೆ ಕಣೇ ಯೆಶಿ," ಎಂದಳು. "ಆ ಸತ್ತೋರ ಚರ್ಮ ಮುಟ್ಟಿ ಮುಟ್ಟಿ ಯಾರನ್ನೋ ಜೊತೇಲಿ ಕರ್ಕೊಂಡು ಬಂದಿದೀಯ. ಕರ್ಕೊಂಡು ಬಂದ ಜಾಗಕ್ಕೇ ಬಿಟ್ಟು ಬಾ."

*

ಶುಕ್ರವಾರ ಯೆಶಿ ತಗಡಿನ ಪೆಟ್ಟಿಗೆಯನ್ನು ಉದ್ದನೆ ಮೇಜಿನ ಮೇಲೆ ಸುರುವಿದಳು. ಯಾರ ರಕ್ಷೆಯೊಳಗೆ ತನ್ನ ಹೆಸರು ಬಿದ್ದಿದೆ ಎಂಬುದಾದರೂ ಗೊತ್ತಾಗಬೇಕು.

"ಹೆಸರು ಕೆರೆದು ತೆಗೆದಿರ್ತಾರೆ," ಎಂದ ಕಿನ್ಫೆ. "ಮೊದಲ್ನೇ ಯಜಮಾನ್ರು ಸತ್ರು, ಕೊಂಡೋರು ಅವರ ಹೆಸರು ಕೆರೆದ್ರು, ತಮ್ಮದು ಬರೆಸೋಕೆ ಮರೆತ್ರು. ದಿನಾ ನೋಡೋದೇ." ನೇರಳೆ ದೀಪ ತಂದು ತುಂಡಿನ ಮೇಲೆ ಹಿಡಿದ. ಕೆರೆದಿದ್ದರೆ ಹಳೆಯ ಶಾಯಿಯ ನೆರಳು ಮೇಲೇಳಬೇಕಿತ್ತು. ಏನೂ ಏಳಲಿಲ್ಲ. ಚರ್ಮ ಆ ಎರಡು ಬೆರಳಿನ ಜಾಗದಲ್ಲಿ ಉಳಿದೆಡೆಗಿಂತ ನುಣುಪಾಗಿತ್ತು, ಯಾರೋ ಅಲ್ಲಿ ಬರೆಯದೆ ಬರೀ ಬೆರಳಾಡಿಸಿದಂತೆ. ಇನ್ನೊಂದು ತುಂಡು ಹಿಡಿದರು. ಅಲ್ಲೂ ದಾಸಿ ವಲತ್ತ, ಆಮೇಲೆ ಖಾಲಿ. ಮತ್ತೊಂದರಲ್ಲೂ ಅಷ್ಟೆ.

"ಒಬ್ಬರೇ ಬರೆದದ್ದು," ಎಂದಳು ಯೆಶಿ. "ಈ ಅಕ್ಷರದ ಕಾಲು ನೋಡು, ಎಲ್ಲದರಲ್ಲೂ ಕುಂಟು."

"ಆಧಾರ? ಆಧಾರ ಎಲ್ಲಿದೆ?" ಕಿನ್ಫೆ ನಿರ್ದೇಶಕರ ಮೂಗು ಎರವಲು ಪಡೆದ. ಅವನಿಗದು ಚೆನ್ನಾಗಿ ಬರುತ್ತಿರಲಿಲ್ಲ. ಯೆಶಿ ನಗಲಿಲ್ಲ.

ಆಧಾರ ತುಂಡುಗಳ ಅಂಚಿನಲ್ಲಿತ್ತು. ಪ್ರತಿಯೊಂದರ ತಲೆಯಲ್ಲೂ ಬುಡದಲ್ಲೂ ಸೂಜಿಯ ತೂತುಗಳು. ದೊಡ್ಡ ತುಂಡಿನ ಬುಡದ ತೂತುಗಳು ಗೇಣುದ್ದದ ಒಂದರ ತಲೆಗೆ ಸರಿಯಾಗಿ ಕೂತವು. ಅದರ ಬುಡ ಅದಕ್ಕಿಂತ ಚಿಕ್ಕದರ ತಲೆಗೆ. ಹಾಗೆ ಒಂದರ ಕೆಳಗೊಂದು ಇಡುತ್ತ ಹೋದರು. ತುಂಡುಗಳು ಕಿರಿದಾಗುತ್ತ ಹೋದವು: ಗೇಣು, ಅರೆಗೇಣು, ನಾಲ್ಕು ಬೆರಳು, ಮೂರು, ಮತ್ತೆ ನಡುವೆ ಒಮ್ಮೆ ದಿಢೀರನೆ ಉದ್ದ, ಆಮೇಲೆ ಎರಡು, ಒಂದು. ಕುಂಟು ಕಾಲಿನ ಅಕ್ಷರದ ಗೀಟು ಮೊದಲು ಸ್ಥಿರವಾಗಿದ್ದದ್ದು ಬರಬರುತ್ತ ನಡುಗತೊಡಗಿತ್ತು. ಕೊನೆಯ ಚೂರಿನಲ್ಲಿ ಪ್ರಾರ್ಥನೆ 'ನಿನ್ನ ದಾಸಿ' ಎಂಬಲ್ಲಿಗೆ ನಿಂತುಬಿಟ್ಟಿತ್ತು. ಮುಂದಿನ ಪದದ ಮೊದಲಕ್ಷರದ ಅರ್ಧ ಗೀಟು, ಅಷ್ಟೆ.

ಮೇಜು ಸಾಲದೆ ನೆಲದ ಮೇಲೆ ಬಟ್ಟೆ ಹಾಸಿ ಜೋಡಿಸಿದ್ದರು. ಕಿನ್ಫೆ ಎದ್ದು ನಿಂತು ಸೊಂಟ ನೀವಿಕೊಂಡ. "ಪೂರ್ತಿ ಹೆಂಗಸಿನ ಉದ್ದ ಇದೆಯಲ್ಲೇ. ಪಕ್ಕದಲ್ಲಿ ಮಲಗು ನೋಡೋಣ."

ಸುತ್ತಿ ಕುತ್ತಿಗೆಗೆ ಕಟ್ಟಿಕೊಳ್ಳುವುದಾದರೂ ರಕ್ಷಾಸುರುಳಿಯ ಅಳತೆ ತೊಡುವವರ ಅಳತೆ. ನೆತ್ತಿಯಿಂದ ಅಂಗಾಲಿನವರೆಗೆ ಇರಬೇಕು. ಒಂದು ಬೆರಳು ಕಡಿಮೆಯಾದರೂ ಆ ಒಂದು ಬೆರಳಿನ ಜಾಗದಿಂದ ಕೇಡು ಒಳಗೆ ನುಗ್ಗುತ್ತದೆ. ಯೆಶಿ ಮಲಗಲಿಲ್ಲ. ತಲೆಯ ಕಡೆಯ ದೊಡ್ಡ ತುಂಡನ್ನೇ ನೋಡುತ್ತ ನಿಂತಿದ್ದಳು. ಮೊಳಕ್ಕಿಂತ ತುಸು ಹೆಚ್ಚು. ಗುರುವಾರ ತಾನೆ ಅಷ್ಟೇ ಉದ್ದದ್ದನ್ನು ತೊಟ್ಟಿಲಲ್ಲಿ ನೋಡಿದ್ದಳು.

"ಕಿನ್ಫೆ, ಇದು ಕೂಸಿನ ಉದ್ದ."

"ಸರಿ. ಆಮೇಲೆ ಬೆಳೀತು. ಬೆಳೆದ ಹಾಗೆ ತೇಪೆ ಹಾಕಿದ್ರು. ಲಂಗದ ಅಂಚು ಬಿಡಿಸಿದ ಹಾಗೆ."

"ಹಾಗಾದ್ರೆ ಕೊಳೆ ಎಲ್ಲಿ?"

ಕಿನ್ಫೆ ಬಗ್ಗಿ ನೋಡಿದ. ಮೈಮೇಲೆ ತೊಟ್ಟ ಸುರುಳಿಗಳನ್ನು ಅವನು ನೂರಾರು ಕಂಡಿದ್ದ. ಬೆವರು, ತಲೆಗೆ ಹಚ್ಚಿದ ಬೆಣ್ಣೆ, ಒಲೆಯ ಹೊಗೆ ಎಲ್ಲ ಹೀರಿ ಅವು ಇದ್ದಿಲಿನ ಹಾಗಿರುತ್ತವೆ. ಇವು ಬೆಳ್ಳಗಿದ್ದವು. ಮೊದಲನೆಯದೂ ಬೆಳ್ಳಗಿತ್ತು, ಕೊನೆಯದೂ ಬೆಳ್ಳಗಿತ್ತು. ಯಾವ ಕುತ್ತಿಗೆಯನ್ನೂ ಮುಟ್ಟಿರಲಿಲ್ಲ.

"ತೊಟ್ಕೊಂಡೋರೇ ಇಲ್ಲ," ಎಂದ ಅವನು ನಿಧಾನವಾಗಿ. "ಮತ್ತೆ ಯಾರ ಬೆಳವಣಿಗೆ ಅಳೆದ್ರು?"

ಯೆಶಿಗೆ ಉತ್ತರ ಗೊತ್ತಾಗಿಬಿಟ್ಟಿತ್ತು, ಬೇಡವೆಂದರೂ. ಬರೆದವನು ಆ ಕೂಸಿನ ಅಪ್ಪನೇ; ಕೂಲಿಗೆ ಬರೆದುಕೊಡುವವನು ವರ್ಷವರ್ಷವೂ ಬಂದು ಚೂರು ಸೇರಿಸಿ ಹೋಗುವುದಿಲ್ಲ. ಮಗಳು ಹುಟ್ಟಿದ ದಿನವೇ ಅವಳ ಉದ್ದಕ್ಕೆ ಚರ್ಮ ಕತ್ತರಿಸಿ, ಪ್ರಾರ್ಥನೆ ಬರೆದು, ಹೆಸರಿಗೆ ಜಾಗ ಬಿಟ್ಟಿದ್ದಾನೆ. ಎಂಬತ್ತನೆಯ ದಿನ ಹೆಸರು ಬರಬೇಕಿತ್ತು. ಎಂಬತ್ತನೆಯ ದಿನ ಬರಲಿಲ್ಲ. ದೀಕ್ಷಾಸ್ನಾನವಾಗದೆ ತೀರಿಹೋದ ಕೂಸಿಗೆ ಚರ್ಚಿನ ಅಂಗಳದಲ್ಲಿ ಮಣ್ಣಿಲ್ಲ, ಪ್ರಾರ್ಥನೆಯಲ್ಲಿ ಹೆಸರಿಲ್ಲ. ಊರಿಗೆಲ್ಲ ಹೆಸರು ಬರೆದುಕೊಡುವವನು ತನ್ನ ಮಗಳಿಗೆ ಒಂದನ್ನು ಬರೆಯುವಂತಿಲ್ಲ. ಆದರೂ ಮುಂದಿನ ವರ್ಷ, ಊರಿನ ಅದೇ ವಯಸ್ಸಿನ ಮಕ್ಕಳನ್ನು ನೋಡಿ, ಇಷ್ಟು ಬೆಳೆದಿರುತ್ತಾಳೆ ಎಂದು ಒಂದು ಗೇಣು ಸೇರಿಸಿದ. ಅದರ ಮುಂದಿನ ವರ್ಷ ಅರೆಗೇಣು. ಹುಡುಗಿ ನೆರೆಯುವ ವಯಸ್ಸಿಗೆ ದಿಢೀರನೆ ಉದ್ದ. ಕೈ ನಡುಗುವ ತನಕ, ಅರ್ಧ ಗೀಟಿನ ತನಕ. ಪ್ರತಿ ಸಲವೂ ಅದೇ ಜಾಗ ಖಾಲಿ ಬಿಟ್ಟು.

ಮುನ್ನೂರು ವರ್ಷ ಹೆಸರಿಗೆ ಕಾದವಳ ಎದುರು ಇವಳು ಬಂದು, ರಾಗವಾಗಿ, ತನ್ನದನ್ನು ಇಟ್ಟುಬಿಟ್ಟಿದ್ದಳು. ಮಕ್ಕಳ ಮುಂದೆ ಮಿಠಾಯಿ ಇಟ್ಟು, ಇದು ನಿನಗಲ್ಲ ಎನ್ನುವುದು ಹೇಗೆ?

"ಯೆಶಿ," ಎಂದ ಕಿನ್ಫೆ. ಅವನ ಮುಖ ಬೂದಿಯಾಗಿತ್ತು. "ಹಾಗೆ ಮಾಡ್ಬೇಡ ಕಣೇ. ಚೆನ್ನಾಗಿಲ್ಲ."

"ಹೇಗೆ?"

"ಮೇಜಿನ ಕೆಳಗಿಂದ ಕರೀಬೇಡ. ನೀನು ಇಲ್ಲಿ ನಿಂತಿದೀಯ, ದನಿ ಅಲ್ಲಿಂದ ಬರುತ್ತೆ, ಅದು ಹೇಗೆ ಮಾಡ್ತೀಯ?" ಆಮೇಲೆ ಅವಳ ಮುಚ್ಚಿದ ತುಟಿಗಳನ್ನೇ ನೋಡಿದ. ಮೇಜಿನ ಕೆಳಗಿನ ದನಿ ಇನ್ನೂ ನಿಂತಿರಲಿಲ್ಲ. ಅದು ಕರೆಯುತ್ತಿರಲಿಲ್ಲ, ಹೊಸ ಬಟ್ಟೆ ತೊಟ್ಟ ಮಗು ಕನ್ನಡಿಯ ಮುಂದೆ ತಿರುಗುವ ಹಾಗೆ ತನ್ನ ಹೆಸರನ್ನು ತಾನೇ ಹೇಳಿಕೊಂಡು ಖುಷಿಪಡುತ್ತಿತ್ತು. ಕಿನ್ಫೆ ಅಂದಿನಿಂದ ಯಾರ ದನಿಯನ್ನೂ ಅನುಕರಿಸುವ ಪ್ರಯತ್ನ ಮಾಡಲಿಲ್ಲ.

*

ಶನಿವಾರ ಅವಳು ಅಬ್ಬಾ ಜೇನಾರ ಮುಂದೆ ಮಂಡಿಯೂರಿ ಎಲ್ಲ ಹೇಳಿದಳು. ಚರ್ಚಿನ ಗೋಡೆಗೊರಗಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಮುದುಕರು ಕಣ್ಣು ಮುಚ್ಚಿ ಕೇಳಿದರು.

"ಕಿತ್ಕೊಳ್ಳೋದು ಹೇಗೆ ಅಬ್ಬಾ?"

"ಯಾರಿಂದ? ಕೂಸಿನ ಕೈಯಿಂದಾನಾ? ನಾಚ್ಕೆ ಆಗಲ್ವೇನೇ?"

"ಮತ್ತೆ ನನ್ನ ಹೆಸರು? ನಾಳೆ ಮಗು?"

"ನೆರೆಮನೆಗೆ ಕೆಂಡ ಕೊಟ್ರೆ ನಮ್ಮ ಒಲೆ ಆರುತ್ತಾ? ಇದೇ ಊರಲ್ಲಿ ನಿನ್ನ ಹೆಸರಿನವರು ಸಾವಿರ ಜನ ಇದಾರೆ, ಯಾರ ಒಲೇನೂ ಆರಿಲ್ಲ. ನೀನು ಕೆಂಡ ಕೊಡಲಿಲ್ಲ, ಬೀಳಿಸ್ದೆ. ಬಿದ್ದಿದ್ದನ್ನ ಎತ್ಕೊಂಡೋರು ಭಯಕ್ಕೆ ಬಿಗಿಯಾಗೇ ಹಿಡ್ಕೋತಾರೆ. ಕೈಯೆತ್ತಿ ಕೊಟ್ಟು ನೋಡು."

"ಹೇಗೆ ಕೊಡ್ಲಿ? ನೀವೇ ಅವಳಿಗೂ..."

"ಸತ್ತೋರಿಗೆ ದೀಕ್ಷಾಸ್ನಾನ ಇಲ್ಲ," ಎಂದರು ಅಬ್ಬಾ ಖಡಾಖಂಡಿತವಾಗಿ. "ಕೇಳ್ಲೂಬೇಡ. ನನ್ನ ಪಾಡಿಗೆ ನಾನು ಸಾಯ್ಬೇಕು, ಮೇಲೆ ಉತ್ತರ ಹೇಳ್ಬೇಕು." ಆಮೇಲೆ ಒಂದು ಕಣ್ಣು ತೆರೆದು, ಪೊರೆ ಬಂದ ಆ ಕಣ್ಣನ್ನು ಅವಳತ್ತ ತಿರುಗಿಸಿದರು. "ಈ ಕಣ್ಣು ಹೋಗಿ ಎರಡು ವರ್ಷ ಆಯ್ತು. ಜ್ಞಾನತಾಯಂದ್ರು ಹೊದಿಕೆ ಒಳಗೆ ಏನೇನು ಇಟ್ಕೊಂಡು ಬರ್ತಾರೋ ನಂಗೆ ಎಲ್ಲಿ ಕಾಣಿಸುತ್ತೆ."

ಯೆಶಿ ಸಂಜೆ ಭಂಡಾರಕ್ಕೆ ಹೋದಳು. ಇಷ್ಟು ವರ್ಷಗಳಲ್ಲಿ ಒಂದು ಚೂರನ್ನೂ ಬಾಗಿಲು ದಾಟಿಸಿದವಳಲ್ಲ. ಚರ್ಮದ ಹಾಳೆಗೆ ನೀರು ತಾಗಿದರೆ ಏನಾಗುತ್ತದೆಂದು ಹೊಸಬರಿಗೆ ಪಾಠ ಹೇಳುವವಳೇ ಅವಳು: ಶಾಯಿ ಹರಿಯುತ್ತದೆ, ಚರ್ಮ ಸುಕ್ಕಾಗಿ ಮುದುಡುತ್ತದೆ, ಕೆಲಸ ಹೋಗುತ್ತದೆ. ದೊಡ್ಡ ತುಂಡನ್ನು ಎರಡು ಕೈಯಲ್ಲೂ ಎತ್ತಿ, ಕೂಸನ್ನು ಸುತ್ತುವ ಹಾಗೆ, ತನ್ನ ಬಿಳಿ ಹೊದಿಕೆಯಲ್ಲಿ ಸುತ್ತಿಕೊಂಡಳು. ದಾರಿಯುದ್ದಕ್ಕೂ ಅದು ಮಾತಾಡಲಿಲ್ಲ. ಮಲಗಿದ ಮಗುವಿನ ಹಾಗೆ ಭಾರವಾಗಿತ್ತು.

*

ಭಾನುವಾರ ಬೆಳಗ್ಗೆ ಚರ್ಚಿನ ಕಲ್ಲುನೆಲ ತಣ್ಣಗೆ ಕೊರೆಯುತ್ತಿತ್ತು. ಅಸೆಲೆಫೆಚ್ ಗರಿಗರಿ ಹೊದಿಕೆ ಹೊದ್ದು, ಯಾರಾದರೂ ಕಾಲು ಜಾರಲಿ ಎಂದು ಕಾಯುವವಳಂತೆ, ಯೆಶಿಯ ಬಲಕ್ಕೇ ನಿಂತಿದ್ದಳು.

"ಜ್ಞಾನತಾಯಿಯ ಹೆಸರು?" ಅಬ್ಬಾ ಕೇಳಿದರು.

ಯೆಶಿ ಬಾಯಿ ತೆರೆದಳು. ಮೆಟ್ಟಿಲಿರಲಿಲ್ಲ.

"ಗೊತ್ತಿಲ್ಲದಿದ್ರೆ ನಾನು..." ಎಂದು ಅಸೆಲೆಫೆಚ್ ಒಂದು ಹೆಜ್ಜೆ ಮುಂದಿಟ್ಟಳು.

"ಕಿವಿ ಸರಿಯಿಲ್ಲ, ಗಲಾಟೆ ಮಾಡ್ಬೇಡಿ. ಆಮೇಲೆ ಕೇಳ್ತೀನಿ," ಎಂದು ಅಬ್ಬಾ ಮುಂದಕ್ಕೆ ಹೋದರು. ಮೆಸೆರೆತ್ ಮಗುವನ್ನು ಕೊಡಲೋ ಬೇಡವೋ ಎಂದು ಒಂದು ಗಳಿಗೆ ಹಿಡಿದೇ ನಿಂತು, ಕೊನೆಗೆ ಅಕ್ಕನ ತೋಳಿಗೆ ಹಾಕಿದಳು. ಯೆಶಿ ಮಗುವಿನ ಪರವಾಗಿ ಪಡುವಣಕ್ಕೆ ತಿರುಗಿ ಸೈತಾನನನ್ನು ತೊರೆದಳು. ಮೂಡಣಕ್ಕೆ ತಿರುಗಿ ನಂಬಿಕೆ ಹೇಳಿದಳು. ಅವಳು ಹೇಳಿದ ಪ್ರತಿ ಮಾತನ್ನೂ ಅವಳ ಮಂಡಿಯ ಹತ್ತಿರದಿಂದ ಇನ್ನೊಂದು ದನಿ ಹಿಂದೆಯೇ ಹೇಳಿಕೊಂಡಿತು. ಸುತ್ತಲಿನವರು ಚರ್ಚ್ ಮಾರ್ದನಿ ಕೊಡುತ್ತಿದೆ ಎಂದುಕೊಂಡರು. ಆ ಚರ್ಚಿಗೆ ಮಾರ್ದನಿ ಇರಲಿಲ್ಲ.

ಅಬ್ಬಾ ಮಗುವನ್ನು ಮೂರು ಸಲ ಮುಳುಗಿಸಿ ಎತ್ತಿದರು. ಮಗು ಕಿರುಚುತ್ತ, ನೀರು ಸುರಿಸುತ್ತ ಯೆಶಿಯ ಹೊದಿಕೆಗೆ ಬಂತು, ಒಳಗಿದ್ದುದರ ಪಕ್ಕಕ್ಕೇ. ಮುದುಕರು ಹೆಸರಿಗಾಗಿ ಕಿವಿ ಹತ್ತಿರ ತಂದರು.

ಯೆಶಿ ಆ ಕಿವಿಯಲ್ಲಿ ಒಂದು ಹೆಸರು ಹೇಳಿದಳು. ಅದು ತಂಗಿಯ ಮಗಳ ಹೆಸರು, ಮೊದಲೇ ಗೊತ್ತುಮಾಡಿದ್ದು.

ಕಿವಿ ದೂರ ಹೋಗಲಿಲ್ಲ. ಪೊರೆಗಣ್ಣು ಎಲ್ಲೋ ನೋಡುತ್ತಿತ್ತು. ಬೊಗಸೆಯಲ್ಲಿ ನೀರು ಇನ್ನೂ ತುಂಬಿತ್ತು. "ಹ್ಞೂಂ. ಆಮೇಲೆ?"

ಈಗಲೇ. ಸುಮ್ಮನಿದ್ದರೆ ತನ್ನ ಹೆಸರನ್ನು ಇನ್ನೂ ಯಾವಾಗಲಾದರೂ ಕಿತ್ತುಕೊಳ್ಳಬಹುದೇನೋ, ಹೇಳಿ ಕೊಟ್ಟರೆ ಅದು ಹೋಯಿತು. ತೋಳಿನಲ್ಲಿ ಒಂದು ಕಡೆ ಬೆಚ್ಚಗೆ ಒದೆಯುವ ಭಾರ, ಇನ್ನೊಂದು ಕಡೆ ತಣ್ಣಗೆ ಕಾಯುವ ಭಾರ. ಯೆಶಿ ಯಾರ ರಾಗವನ್ನೂ ಹಿಡಿಯಲಿಲ್ಲ. ಅಪ್ಪನ ಮೂಗೆಳೆತವೂ ಇರಲಿಲ್ಲ. ಹಬ್ಬಕ್ಕೆಂದು ಎತ್ತಿಟ್ಟಿದ್ದ ದನಿಯಲ್ಲಿ, "ತಗೋ ಕಂದ, ನಿಂದೇ," ಎಂದು ಮೆಲ್ಲಗೆ ಹೇಳಿ ಬಾಯಿ ತೆರೆದಳು. ಕೊಡಬೇಕಾದರೆ ಕೈಯಲ್ಲಿ ಇರಬೇಕಲ್ಲ. ಇತ್ತು. ಹೆಸರು ಪೂರ್ತಿ ಬಂತು, ತಲೆಯಿಂದ ಕಾಲಿನ ತನಕ.

ಅಬ್ಬಾ ಹೊದಿಕೆಯ ಮಡಿಕೆಯ ಮೇಲೆ ಮೂರು ಸಲ ನೀರು ಹೊಯ್ದರು. "ಮುದುಕ, ಕೈ ನಡುಗುತ್ತೆ," ಎಂದು ಜನರಿಗೆ ಹೇಳಿದರು. ನಂತರ ಗಟ್ಟಿಯಾಗಿ, "ಜ್ಞಾನತಾಯಿಯ ಹೆಸರು?"

ಯೆಶಿ ಕಿವಿಯಲ್ಲಿ ಹೇಳಿದಳು. ಅದೇ ಹೆಸರು. ಹಿಂದೆ ನಿಂತಿದ್ದ ತಾಯಿ ತಟ್ಟನೆ ಎದೆ ಮುಟ್ಟಿಕೊಂಡು, "ಹ್ಞಾಂ, ಅದೇ! ನೆನಪಾಯ್ತು ನೋಡು, ಹಾಳಾದ್ದು!" ಎಂದಳು, ಚರ್ಚಿನಲ್ಲಿದ್ದೇನೆಂಬುದನ್ನೂ ಮರೆತು. ಮಂಡಿಯ ಹತ್ತಿರ ಈ ಸಲ ಯಾರೂ ಏನನ್ನೂ ಹಿಂದೆ ಹೇಳಲಿಲ್ಲ.

*

ಸೋಮವಾರ ಯೆಶಿ ಕಿನ್ಫೆಯ ಮುಂದೆ ತುಂಡನ್ನು ಬಿಚ್ಚಿಟ್ಟಳು. ರಾತ್ರಿಯಿಡೀ ಅದನ್ನು ಭಾರದ ಕೆಳಗಿಡದೆ, ಹಗ್ಗಕ್ಕೆ ಹಾಕದೆ, ಬರಿ ಬಟ್ಟೆಯ ಮೇಲೆ ಮಲಗಿಸಿ ಒಣಗಿಸಿದ್ದಳು. ಬಯ್ಯಲಿ ಎಂದು ತಲೆ ತಗ್ಗಿಸಿ ನಿಂತಳು.

"ನೀರು ಹಾಕಿದ್ಯಾ? ನೀನು?" ಕಿನ್ಫೆ ತಲೆಗೆ ಕೈಹೊತ್ತ. "ಬೆಯೆನೆ ನಮ್ಮಿಬ್ಬರ ಚರ್ಮಾನೂ ಸುಲಿದು ಹಾಳೆ ಮಾಡ್ತಾರೆ. ಎಷ್ಟು ಮುದುಡಿದೆ ನೋಡೋಣ, ಅಳತೆ ಪಟ್ಟಿ ಕೊಡು."

ಶಾಯಿ ಹರಿದಿರಲಿಲ್ಲ. ದೇವದೂತನ ಕಣ್ಣು ಮೊದಲಿನಂತೆಯೇ ಅಗಲವಾಗಿತ್ತು. ಎರಡು ಬೆರಳಿನ ಜಾಗ ಈಗಲೂ ಖಾಲಿಯೇ; ಅಲ್ಲಿ ಯಾವ ಅಕ್ಷರವೂ ಮೂಡಿರಲಿಲ್ಲ. ಕಿನ್ಫೆ ಅಳೆದ. ಪಟ್ಟಿಯನ್ನು ತಿರುವಿ ಇನ್ನೊಂದು ಕಡೆಯಿಂದ ಅಳೆದ. ಶುಕ್ರವಾರ ತೆಗೆದ ಚಿತ್ರದಲ್ಲಿದ್ದ ಅಳತೆಗೋಲನ್ನು ತಂದು ಪಕ್ಕಕ್ಕಿಟ್ಟು ನೋಡಿದ.

"ಒದ್ದೆ ಚರ್ಮ ಒಣಗಿದ್ರೆ ಕುಗ್ಗುತ್ತೆ," ಎಂದ, ತನಗೇ ಪಾಠ ಒಪ್ಪಿಸುವವನಂತೆ. "ಕುಗ್ಗಲೇಬೇಕು. ಚಪ್ಪಲಿ ಹೊಲಿಯೋರನ್ನ ಕೇಳು."

"ಎಷ್ಟಿದೆ?"

ಅವನು ಹೆಬ್ಬೆರಳನ್ನು ಪಟ್ಟಿಯ ಮೇಲೆ ಒತ್ತಿಕೊಂಡೇ ತಲೆಯೆತ್ತಿದ. "ಒಂದು ಬೆರಳು ಉದ್ದ ಆಗಿದೆ ಯೆಶಿ."

ಹೊರಗೆ ಸೌದೆ ಹೊತ್ತ ಕತ್ತೆಯೊಂದು ಅರಚಿತು. ಯೆಶಿ ಅದರ ಹಾಗೆ ತಿರುಗಿ ಅರಚಲಿಲ್ಲ. ತಗಡಿನ ಪೆಟ್ಟಿಗೆಯಿಂದ ಗೇಣುದ್ದದ ಎರಡನೆಯ ತುಂಡನ್ನು ತೆಗೆದು, ಸೂಜಿಯ ತೂತುಗಳ ಮೇಲೆ ಬೆರಳಾಡಿಸಿ, ಬೇರೆಯಾಗಿ ಮಡಿಬಟ್ಟೆಯಲ್ಲಿ ಸುತ್ತಿದಳು.

"ಇದು ಈಗಲೇ ಬೇಡ," ಎಂದಳು. "ಬರೋ ವರ್ಷಕ್ಕೆ ಬೇಕಾಗುತ್ತೆ."